ನಾಲ್ಕನೇ ಗ್ಯಾಲರಿಯ ಮುದುಕ

3 ಡಿಸೆಂಬರ್ 2024, ಮಂಗಳವಾರ

ಇವತ್ತಿನಿಂದ ನನಗೆ ನಾಲ್ಕನೇ ಗ್ಯಾಲರಿ. ಇಷ್ಟು ದಿನ ಹಳೆಯ ಹೂಜಿ, ತಟ್ಟೆ, ಕುದುರೆ ಜೀನುಗಳ ನಡುವೆ ನಿಂತಿದ್ದೆ. ಅವು ಯಾರ ತಂಟೆಗೂ ಬರುವವಲ್ಲ. ಈಗ ಯುರೋಪಿನಿಂದ ಇನ್ನೂರು ವರ್ಷ ಹಳೆಯ ಚಿತ್ರಗಳು ಬಂದಿವೆ, ಫೆಬ್ರವರಿ ಎಂಟರ ತನಕ. ಡ್ಯೂಟಿ ಪಟ್ಟಿ ಓದುವಾಗ ಸೂಪರ್‌ವೈಸರ್ ಟೆರೆನ್ಸ್‌ಗೆ ತಮಾಷೆ. "ರೊನಾಲ್ಡ್, ನಿಮ್ಮವರೇ ಬಂದಿದ್ದಾರೆ ನೋಡಿ, ಪೂರಾ ಸೋಲ್ಜರ್ಸ್!" ಎಂದ. ನಾನು ಹದಿನೇಳು ವರ್ಷ ಫೌಜಿನಲ್ಲಿದ್ದು ಹವಾಲ್ದಾರನಾಗಿ ಹೊರಬಂದವನೆಂದು ದೋಹಾದ ಈ ಮ್ಯೂಸಿಯಮ್ಮಿನಲ್ಲಿ ಎಲ್ಲರಿಗೂ ಗೊತ್ತು. ಆ ಒಂದು ಕಾರಣಕ್ಕೇ ಐವತ್ತೆಂಟರ ಮುದುಕನನ್ನು ಇನ್ನೂ ಗಾರ್ಡಾಗಿ ಇಟ್ಟುಕೊಂಡಿದ್ದಾರೆ.

ನನ್ನ ಜಾಗ ಎಲ್ಲಕ್ಕಿಂತ ದೊಡ್ಡ ಚಿತ್ರದ ಪಕ್ಕ. ಒಂದು ಹಳ್ಳಿಯ ಅಂಗಳ, ಮರದ ಕೆಳಗೆ ಬೆಂಚಿನ ಮೇಲೆ ಒಬ್ಬ ಮುದಿ ಸೈನಿಕ. ನನಗೆ ಎಡಗಿವಿ ಇಲ್ಲದ ಹಾಗೆ ಅವನಿಗೆ ಎಡಗೈ ಇಲ್ಲ, ಖಾಲಿ ತೋಳನ್ನು ಮಡಚಿ ಪಿನ್ ಹಾಕಿದ್ದಾರೆ. ಎದೆಯಲ್ಲಿ ಪದಕ. ಅವನು ಯುದ್ಧದ ಕಥೆ ಹೇಳುತ್ತಿದ್ದಾನೆ, ಸುತ್ತ ಊರಿನವರು ಬಾಯಿ ಬಿಟ್ಟು ಕೇಳುತ್ತಿದ್ದಾರೆ. ಕೆಳಗೆ ಮೂಲೆಯಲ್ಲಿ ಒಂದು ಪುಟ್ಟ ಹುಡುಗಿ ಹುಲ್ಲಿನಲ್ಲಿ ಬಿದ್ದ ಫಿರಂಗಿ ಗುಂಡನ್ನು ಹೆಕ್ಕಲು ಬಗ್ಗಿದ್ದಾಳೆ. ಮುದುಕನ ಕೆನ್ನೆ ಕೆಂಪಗೆ ಮಿನುಗುತ್ತಿದೆ, ಕೋಟಿನ ಗುಂಡಿ ಒಂದೂ ಹೋಗಿಲ್ಲ. ಇವನು ಯುದ್ಧದಿಂದ ಬಂದವನೋ, ಮದುವೆ ಊಟದಿಂದ ಎದ್ದು ಬಂದವನೋ?

ಪುಣ್ಯಕ್ಕೆ ನಮ್ಮ ಕೆಲಸದ ಕ್ರಮವೇ ಹಾಗೆ, ಗೋಡೆಗೆ ಬೆನ್ನು, ಜನರಿಗೆ ಮುಖ. ಚಿತ್ರ ನೋಡುವ ಹಂಗಿಲ್ಲ.

ವೆರೋನಿಕಾ ಇದ್ದಿದ್ದರೆ ಇದನ್ನೆಲ್ಲ ಫೋನಿನಲ್ಲಿ ಅವಳಿಗೆ ಹೇಳುತ್ತಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷ. ಈಗ ಈ ಪುಸ್ತಕವೇ ಕೇಳಬೇಕು.

5 ಡಿಸೆಂಬರ್, ಗುರುವಾರ

ಗೈಡ್ ಹುಡುಗಿ ಫಾಹಿಮಾ ಬಂಟ್ವಾಳ ಕಡೆಯ ಬ್ಯಾರಿಗಳ ಪೈಕಿ. ಹುಟ್ಟಿ ಬೆಳೆದದ್ದು ದೋಹಾದಲ್ಲೇ, ಚಿತ್ರಕಲೆಯ ಚರಿತ್ರೆ ಓದಿದವಳು. ಇವತ್ತು ಜನ ಕಡಿಮೆ ಇದ್ದಾಗ ನನಗೊಬ್ಬನಿಗೇ ಪಾಠ ಮಾಡಿದಳು. ಇವು ರೊಮ್ಯಾಂಟಿಕ್ ಕಾಲದ ಚಿತ್ರಗಳಂತೆ. ರೊಮ್ಯಾಂಟಿಕ್ ಎಂದರೆ ಹುಡುಗ ಹುಡುಗಿ ಮರ ಸುತ್ತುವುದೆಂದು ತಿಳಿದಿದ್ದ ನನ್ನನ್ನು ನೋಡಿ ನಕ್ಕಳು.

"ಅಲ್ಲ ಅಂಕಲ್. ಅದಕ್ಕಿಂತ ಮೊದಲು ಯುದ್ಧದ ಪೇಂಟಿಂಗ್ ಅಂದ್ರೆ ರಾಜ, ಕುದುರೆ, ಜನರಲ್. ಮಾಮೂಲಿ ಸಿಪಾಯಿ ಕುದುರೆ ಕಾಲಿನ ಅಡಿಯಲ್ಲಿ ಎಲ್ಲೋ ಇರ್ತಿದ್ದ. ನೆಪೋಲಿಯನ್ ಸೋತ ಮೇಲೆ ಊರೂರಲ್ಲಿ ಕೈಕಾಲು ಹೋದ ಸಿಪಾಯಿಗಳು. ಆಗ ಇವರು ಆ ಮುದುಕರನ್ನೇ ಬಿಡಿಸ್ಲಿಕ್ಕೆ ಶುರು ಮಾಡಿದ್ರು. ಯುದ್ಧ ಅಲ್ಲ, ಯುದ್ಧದ ನೆನಪು. ಸೋತವರಿಗೆ ಮನೆ ಗೋಡೆಯಲ್ಲಿ ಒಂದು ಸಮಾಧಾನ ಬೇಕಲ್ವಾ?"

"ಇದನ್ನು ಬಿಡಿಸಿದವ ಯುದ್ಧಕ್ಕೆ ಹೋಗಿದ್ದನಾ?"

"ಇಲ್ಲ ಅಂಕಲ್. ಇಂಥ ಅಜ್ಜಂದಿರ ಹತ್ರ ಕೂತು ಕೇಳಿದ್ದಂತೆ."

ಹಾಗಾದರೆ ಚಿತ್ರಗಾರನ ತಪ್ಪೇನಿಲ್ಲ. ಸುಳ್ಳು ಹೇಳಿದವನು ಮುದುಕ.

ಆಚೆ ಮೂಲೆಯಲ್ಲಿ ಅಂಗೈಯಗಲದ ಕಪ್ಪು-ಬಿಳುಪು ಮುದ್ರಣ ಚಿತ್ರಗಳೂ ಇವೆ, ಅದೇ ಕಾಲದವು. ಅವುಗಳಲ್ಲಿ ಪದಕವಿಲ್ಲ, ಕಥೆ ಕೇಳುವವರೂ ಇಲ್ಲ. ಹೆಣ ಎಳೆದುಕೊಂಡು ಹೋಗುವವರು, ಹೆಣದ ಬೂಟು ಬಿಚ್ಚುವವರು. ಒಂದರಲ್ಲಿ ಮುದುಕನೊಬ್ಬ ನಮಗೆ ಬೆನ್ನು ಹಾಕಿ ಒಲೆಯ ಮುಂದೆ ಕುಳಿತಿದ್ದಾನೆ, ಅಷ್ಟೆ. ಪಕ್ಕದ ಗೋಡೆಗೆ ಅವನ ಹಳೆಯ ಕೋಟು ತೂಗುಹಾಕಿದೆ. ಜನ ಅವುಗಳ ಮುಂದೆ ಎರಡು ಸೆಕೆಂಡೂ ನಿಲ್ಲುವುದಿಲ್ಲ.

13 ಡಿಸೆಂಬರ್, ಶುಕ್ರವಾರ

ಅಲ್ ಮನ್ಸೂರಾದಲ್ಲಿ ಶರ್ಮಿಳಾಳ ಮನೆಯಲ್ಲಿ ಊಟ. ಶರ್ಮಿಳಾ ನನ್ನ ಸಂಕಪ್ಪನ ಮಗಳು. ಸಂಕಪ್ಪ ಮತ್ತು ನಾನು ಮಂಗಳೂರಿನ ಮೈದಾನದಲ್ಲಿ ಒಂದೇ ದಿನ ಎದೆಯಳತೆ ಕೊಟ್ಟು ಭರ್ತಿಯಾದವರು. 1988ರ ಫೆಬ್ರವರಿಯಲ್ಲಿ ಅವನು ಶ್ರೀಲಂಕಾದ ಜಾಫ್ನಾದಲ್ಲಿ ಸತ್ತಾಗ ಇವಳು ಅವನ ಹೆಂಡತಿ ಪೂವಕ್ಕನ ಹೊಟ್ಟೆಯಲ್ಲಿದ್ದಳು. ದೋಹಾದಲ್ಲಿ ಕೆಲಸ ಸಿಕ್ಕಿ ಬಂದ ಮೇಲೆ ನನ್ನನ್ನು ಹುಡುಕಿ ಹಿಡಿದಳು. ನನಗೆ ಮಕ್ಕಳಿಲ್ಲ. ಶುಕ್ರವಾರ ಊಟಕ್ಕೆ ಕರೆಯುವವರೆಂದು ಇದ್ದರೆ ಇವಳೊಬ್ಬಳೇ.

"ಮಾಮನಿಗೆ ಕಾಯಿ ಹಾಕದ ಸಾರು ಬೇರೆ ಮಾಡಿದ್ದೇನೆ," ಎಂದು ಬಡಿಸಿದಳು. ಕಾಯಿ ತಿಂದರೆ ಗ್ಯಾಸ್ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ವೆರೋನಿಕಾ ಪಾಪ, ಇಪ್ಪತ್ತೆಂಟು ವರ್ಷ ಎರಡೆರಡು ಸಾರು ಮಾಡಿದಳು. ಅಲ್ ಮುಂತಜಾದ ನಮ್ಮ ರೂಮಿನಲ್ಲಿರುವ ನಿಯಾಝ್ ಮಾತ್ರ ಬಿಡುವುದಿಲ್ಲ. "ಕಾಯಿ ಆಗದ ಮಂಗಳೂರಿನವರನ್ನು ನಾನು ಇಡೀ ಗಲ್ಫಲ್ಲಿ ನೋಡ್ಲಿಲ್ಲ ಮಾರಾಯ್ರೆ," ಎನ್ನುತ್ತಾನೆ.

ಊಟವಾದ ಮೇಲೆ ಶರ್ಮಿಳಾ ವಿಷಯಕ್ಕೆ ಬಂದಳು. ಜನವರಿ 24ರಂದು ಇಲ್ಲಿನ ಕರಾವಳಿ ಸಂಘದವರು ಗಣರಾಜ್ಯೋತ್ಸವ ಮಾಡುತ್ತಾರಂತೆ. ನನಗೆ ಸನ್ಮಾನ. ಸಂಕಪ್ಪನ ಕಥೆಯನ್ನು ನಾನು ಸ್ಟೇಜಿನಲ್ಲಿ ಹೇಳಬೇಕು. ಅವಳ ಮಗಳು ಮೋಕ್ಷಾ, ಹತ್ತು ವರ್ಷದವಳು, ಅಜ್ಜನ ಫೋಟೋ ಹಿಡಿದು ನಿಂತು ಅವನ ಕೊನೆಯ ಮಾತನ್ನು ಹೇಳುವುದು.

"ಅಮ್ಮ ವಿಡಿಯೋದಲ್ಲಿ ನೋಡ್ತಾರೆ ಮಾಮ. ಮಂಡಿ ನೋವು, ಹೊರಗೆ ಹೋಗುದೇ ಇಲ್ಲ ಈಗ. ಇದೊಂದು ನೋಡ್ಬೇಕು ಅಂತ ದಿನ ಎಣಿಸ್ತಿದ್ದಾರೆ."

ಆ ಕಥೆ ಹೀಗೆ. ನಮ್ಮ ತುಕಡಿ ಸಿಕ್ಕಿಹಾಕಿಕೊಂಡಿತ್ತು. ಸಂಕಪ್ಪ ಒಬ್ಬನೇ ಮೆಷಿನ್ ಗನ್ ಹಿಡಿದು ನಿಂತು ಉಳಿದವರನ್ನು ದಾಟಿಸಿದ. ಗುಂಡು ತಿಂದು ನನ್ನ ತೊಡೆಯ ಮೇಲೆ ತಲೆಯಿಟ್ಟು, "ಹೆಣ್ಣಾದರೆ ಶರ್ಮಿಳಾ ಅಂತ ಹೆಸರಿಡ್ಲಿಕ್ಕೆ ಹೇಳು," ಎಂದು ಕಣ್ಣು ಮುಚ್ಚಿದ. ಊರಿನ ಬಸ್ ತಂಗುದಾಣಕ್ಕೆ ಅವನ ಹೆಸರಿದೆ. ಅವನ ಕೊನೆಯ ಮಾತೇ ಇವಳ ಹೆಸರು. ಪ್ರತಿ ವರ್ಷ ಅವನು ಸತ್ತ ದಿನ ಪೂವಕ್ಕನಿಗೆ ಫೋನ್ ಮಾಡುತ್ತೇನೆ, ಅವರು ಪ್ರತಿ ವರ್ಷ ಅದನ್ನೇ ಹೇಳಿಸಿಕೊಳ್ಳುತ್ತಾರೆ.

ಆಯ್ತಮ್ಮ, ಹೇಳುತ್ತೇನೆ ಎಂದೆ. ಇನ್ನೇನು ಹೇಳಲಿ?

17 ಡಿಸೆಂಬರ್, ಮಂಗಳವಾರ

ಒಂದು ಶಾಲೆಯ ಮಕ್ಕಳು ಬಂದಿದ್ದರು. ನಾನು ಸ್ವಲ್ಪ ಜೋರಾಗಿ ಮಾತಾಡಿದೆ. ಟೆರೆನ್ಸ್ ಅದನ್ನೇ ದೊಡ್ಡದು ಮಾಡುತ್ತಿದ್ದಾನೆ.

19 ಡಿಸೆಂಬರ್, ಗುರುವಾರ

ಆಫೀಸಿನಿಂದ ಕಾಗದ ಬಂತು. ಗ್ಯಾಲರಿ ನಾಲ್ಕರಲ್ಲಿ ಒಬ್ಬ ಬಾಲಕಿಯ ಮೇಲೆ ಕಿರುಚಿ, ತೋಳು ಹಿಡಿದು ಎಳೆದ ಬಗ್ಗೆ ವಿವರಣೆ ಕೊಡಬೇಕಂತೆ. ಎಳೆದದ್ದು ನನಗೆ ನೆನಪಿಲ್ಲ. ಯಾರದೋ ನೀರಿನ ಬಾಟಲಿ ಉರುಳಿಕೊಂಡು ಚಿತ್ರದ ಕೆಳಗೆ ಹೋಯಿತು, ಒಂದು ಹುಡುಗಿ ಹೆಕ್ಕಲು ಬಗ್ಗಿದಳು. ನಾನು "ಮುಟ್ಟಬೇಡ!" ಎಂದು ಕನ್ನಡದಲ್ಲೇ ಕೂಗಿದೆನೆಂದು ಫಾಹಿಮಾ ಹೇಳಿದಳು. ಇಡೀ ಹಾಲ್ ನಿಂತಲ್ಲೇ ನಿಂತಿತಂತೆ. ಆ ಮಗು ಬಹಳ ಹೊತ್ತು ಅತ್ತಿತಂತೆ.

ಬೇರೆ ಗ್ಯಾಲರಿ ಕೊಡಿ ಎಂದು ಕೇಳಿದೆ. "ಮಾಫಿ ಚೇಂಜ್, ಬದಲಾವಣೆ ಇಲ್ಲ ರೊನಾಲ್ಡ್. ನಾಲ್ಕು ಜನ ಲೀವಲ್ಲಿದ್ದಾರೆ. ಫೆಬ್ರವರಿ ಎಂಟಕ್ಕೆ ಖಲಾಸ್, ಅಲ್ಲಿವರೆಗೆ ಸುಧಾರಿಸಿ," ಎಂದ ಟೆರೆನ್ಸ್. ಇನ್ನೊಂದು ಕಾಗದ ಬಂದರೆ ಊರಿಗೆ ಕಳಿಸುತ್ತಾರೆಂದೂ ಮೆತ್ತಗೆ ಹೇಳಿದ. ಅವನಾದರೂ ಏನು ಮಾಡುತ್ತಾನೆ.

25 ಡಿಸೆಂಬರ್, ಬುಧವಾರ

ಮೆಸೈಮೀರ್‌ನ ಇಗರ್ಜಿ. ಪಾಪನಿವೇದನೆಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಸಿಟ್ಟು ಮಾಡಿದೆ, ಪ್ರಾರ್ಥನೆ ತಪ್ಪಿಸಿದೆ ಎಂದು ಎರಡು ಮಾತು ಹೇಳಿ ಎದ್ದುಬಂದೆ. ಇದು ಮೂವತ್ತೇಳನೆಯ ಕ್ರಿಸ್ಮಸ್. ಹೇಳಬೇಕಾದ್ದು ಗಂಟಲ ತನಕ ಬರುತ್ತದೆ, ಅಷ್ಟರಲ್ಲಿ ಫಾದರ್ ಆಶೀರ್ವಾದ ಮಾಡಿಬಿಡುತ್ತಾರೆ. ಟೆರೆನ್ಸ್ ಕೊಟ್ಟ ಕುಸ್ವಾರಿನ ಡಬ್ಬವನ್ನು, ಎಲ್ಲ ಕಾಯಿ ಹಾಕಿದ ಹಬ್ಬದ ತಿಂಡಿ, ಬಿಚ್ಚದೆ ನಿಯಾಝ್‌ಗೆ ಕೊಟ್ಟೆ.

30 ಡಿಸೆಂಬರ್, ಸೋಮವಾರ

ಕೈಕೋಲು ಹಿಡಿದ ಒಬ್ಬ ಬಿಳಿ ಮುದುಕ ಬಂದಿದ್ದ. ಎಲ್ಲರೂ ದೊಡ್ಡ ಚಿತ್ರಕ್ಕೆ ಮುಗಿಬಿದ್ದರೆ ಅವನು ಅರ್ಧ ಗಂಟೆ ಆ ಕಪ್ಪು ಚಿತ್ರಗಳ ಮುಂದೆ ನಿಂತ. ಕೊನೆಗೆ ನನ್ನ ಹತ್ತಿರ ಬಂದು, ನಾನು ನಿಂತ ರೀತಿ ನೋಡಿ, "ಆರ್ಮಿ?" ಎಂದ. ತಲೆಯಾಡಿಸಿದೆ. ಅವನು ನನ್ನ ಬೆನ್ನಿನ ಹಿಂದಿನ ಸೈನಿಕನನ್ನು ತೋರಿಸಿ, ಇವನು ಈ ಕಥೆಯನ್ನು ಎಷ್ಟನೇ ಸಲ ಹೇಳುತ್ತಿರಬಹುದು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಮೂವತ್ತಾರನೇ ಸಲ," ಎಂದುಬಿಟ್ಟೆ. ತಮಾಷೆಯೆಂದು ತಿಳಿದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

3 ಜನವರಿ 2025, ಶುಕ್ರವಾರ

ಊಟ ಸೇರುತ್ತಿಲ್ಲ. ಬೆಲ್ಟಿಗೆ ಇನ್ನೊಂದು ತೂತು ಹಾಕಿಸಿದೆ. ಭಾಷಣ ಬರೆಯಲು ಕುಳಿತರೆ ಸಂಕಪ್ಪ ದಾಟಿಸಿದವರು ಏಳು ಜನರೋ ಒಂಬತ್ತೋ ನೆನಪಾಗಲಿಲ್ಲ. ಮೊದಲ ವರ್ಷ ಮೂರು ಎಂದಿದ್ದೆ.

11 ಜನವರಿ, ಶನಿವಾರ

ಶರ್ಮಿಳಾ ಮೋಕ್ಷಾಳನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಬಂದಿದ್ದಳು. "ಎಷ್ಟು ಹೆಮ್ಮೆಯಿಂದ ಕಥೆ ಹೇಳ್ತಿದ್ದಾರೆ ನೋಡು, ನಿನ್ನ ರೊನಾಲ್ಡ್ ಅಜ್ಜನ ಹಾಗೆ," ಎಂದು ಫಾಹಿಮಾ ದೊಡ್ಡ ಚಿತ್ರ ತೋರಿಸಿದಳು. ಮೋಕ್ಷಾ ಬಹಳ ಹೊತ್ತು ನೋಡಿದಳು.

"ನೋ ಅಜ್ಜ. ಇವ್ರು ಸ್ಟೋರಿ ಹೇಳ್ತಾ ಇಲ್ಲ. ಎಲ್ಲರೂ ಇವ್ರನ್ನ ನೋಡ್ತಾರೆ, ಇವ್ರು ಯಾರನ್ನೂ ನೋಡುದಿಲ್ಲ. ಆ ಬೇಬಿಯನ್ನ ಮಾತ್ರ. ಹಿ ಈಸ್ ಸ್ಕೇರ್ಡ್."

ಕ್ರಮ ಮುರಿದು, ಜನರಿಗೆ ಬೆನ್ನು ಹಾಕಿ ತಿರುಗಿದೆ. ಆರು ವಾರಗಳಲ್ಲಿ ಮೊದಲ ಸಲ ಅವನ ಕಣ್ಣನ್ನು ನೋಡಿದೆ. ಹುಡುಗಿ ಹೇಳಿದ್ದು ಸರಿ. ಅದು ಕಥೆ ಹೇಳುವ ಬಾಯಲ್ಲ. ಕಥೆ ಅರ್ಧಕ್ಕೆ ನಿಂತಿದೆ, ಕೇಳುವವರಿಗೆ ಅದಿನ್ನೂ ಗೊತ್ತಾಗಿಲ್ಲ. ಇರುವ ಒಂದು ಕೈ ಬೆಂಚಿನಿಂದ ಎದ್ದಿದೆ. ಮಗು ಬಗ್ಗಿದೆ. ಅವನು ಕೂಗುವುದರೊಳಗೆ ಚಿತ್ರ ಮುಗಿದಿದೆ. ಇನ್ನೂರು ವರ್ಷದಿಂದ ಅವನಿಗೆ ಕೂಗಲು ಆಗಿಲ್ಲ.

ಯುದ್ಧಕ್ಕೆ ಹೋಗದ ಚಿತ್ರಗಾರನಿಗೆ ಇದನ್ನು ಯಾವ ಮುದುಕ ಹೇಳಿದನೋ. ಹೇಳಿದವನು ನನಗಿಂತ ಧೈರ್ಯದವನು.

12 ಜನವರಿ, ಭಾನುವಾರ

ಬರೆದುಬಿಡುತ್ತೇನೆ. ಓದುವವರು ಯಾರೂ ಇಲ್ಲ.

ಜಾಫ್ನಾದಲ್ಲಿ ಜನ ಬಿಟ್ಟುಹೋದ ಮನೆಗಳ ಅಂಗಳದಲ್ಲಿ ಏನನ್ನೂ ಮುಟ್ಟಬಾರದೆಂದು ದಿನಾ ಬೆಳಿಗ್ಗೆ ಹೇಳುತ್ತಿದ್ದರು. ಪೆನ್ನು, ರೇಡಿಯೋ, ಡಬ್ಬಿ, ಗೊಂಬೆ, ಯಾವುದರೊಳಗೆ ಬೇಕಾದರೂ ಬಾಂಬ್ ಇರಬಹುದು. ನಾವು ಮುಟ್ಟುತ್ತಿರಲಿಲ್ಲ. ಆ ದಿನ ಹೋದದ್ದು ಒಂದು ಹೆಂಚಿನ ಮನೆಗೆ. ಬಾವಿ, ಬಟ್ಟೆ ಒಗೆಯುವ ಕಲ್ಲು, ತೆಂಗಿನ ಮರ, ಥೇಟ್ ನಮ್ಮ ಊರು. ತಿಂಗಳುಗಟ್ಟಲೆ ಚಪಾತಿ, ದಾಲ್ ತಿಂದು ನಾಲಿಗೆ ಸತ್ತಿತ್ತು. ಸಂಕಪ್ಪನ ಡಬ್ಬಿಯಲ್ಲಿ ಮನೆಯಿಂದ ಕಳಿಸಿದ ಒಣಮೆಣಸು, ಹುಣಸೆಹುಳಿ ಇತ್ತು. ಒಂದು ಕಾಯಿ ಸಿಕ್ಕಿದರೆ ಚಟ್ನಿ ಅರೆಯುವುದು, ಗಂಜಿ ಮಾಡಿ ಉಣ್ಣುವುದು ಎಂದು ವಾರದಿಂದ ಹೇಳುತ್ತಿದ್ದ.

ಮರದ ಬುಡದಲ್ಲಿ ಬಿದ್ದಿತ್ತು. ನಮ್ಮ ಮುಂದಿದ್ದ ಪಂಜಾಬಿ ನಾಯಕ್ ಅದನ್ನು ಕಾಣದವನಂತೆ ದಾಟಿಹೋದ. ಅವನಿಗೆ ಅದೊಂದು ಕಾಯಿ, ಅಷ್ಟೆ. ಬಿದ್ದ ಕಾಯಿಯನ್ನು ಹೆಕ್ಕದೆ ಹೋಗುವುದು ನಮ್ಮ ಕಡೆಯವರಿಂದ ಆಗುವ ಕೆಲಸವೇ? ಹುಟ್ಟಿದಂದಿನಿಂದ ಹೆಕ್ಕಿದ್ದೇವೆ. ಕಾಯಿಯೂ ಮುಟ್ಟಬಾರದ ಒಂದು ವಸ್ತು ಎಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ.

ಮೊದಲು ಕಂಡದ್ದು ನನಗೆ. "ಸಂಕಪ್ಪ, ಅಗೋ ಕಾಯಿ. ಹೆಕ್ಕು ಮಾರಾಯ," ಎಂದೆ. ಅವನು ನಗುತ್ತಾ ಬಗ್ಗಿದ.

ಅಷ್ಟೆ. ಮೆಷಿನ್ ಗನ್ ಇಲ್ಲ. ದಾಟಿಸಿದವರಿಲ್ಲ. ನನ್ನ ಎಡಗಿವಿ ಹೋಯಿತು, ಅವನು ಪೂರಾ ಹೋದ.

ಮುಂದಿನ ತಿಂಗಳು ರಜೆಯಲ್ಲಿ ಅವನ ಮನೆಗೆ ಹೋದೆ. ಪೂವಕ್ಕ ಏಳು ತಿಂಗಳ ಬಸುರಿ. ಬಾಗಿಲಲ್ಲೇ ನಿಂತು, "ಇವರು ಕಡೆಗೆ ಎಂತ ಹೇಳಿದ್ರು?" ಎಂದು ಕೇಳಿದರು. ಒಂದು ಕಾಯಿಗಾಗಿ ಹೋದ, ಅದೂ ನಾನು ಹೇಳಿದ್ದಕ್ಕೆ ಎಂದು ಯಾವ ಬಾಯಿಂದ ಹೇಳಲಿ? ಮಿಲಿಟರಿ ಆಸ್ಪತ್ರೆಯಲ್ಲಿ ನನ್ನ ಕಿವಿಗೆ ಮದ್ದು ಹಾಕುತ್ತಿದ್ದ ನರ್ಸಿನ ಹೆಸರು ಶರ್ಮಿಳಾ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೊಂದೇ ಹೆಣ್ಣಿನ ಹೆಸರು.

20 ಜನವರಿ, ಸೋಮವಾರ

ಕಾರ್ಯಕ್ರಮಕ್ಕೆ ಮೊದಲೇ ನಿಜ ಹೇಳಿಬಿಡಬೇಕೆಂದು ಕೆಲಸ ಮುಗಿಸಿ ಅಲ್ ಮನ್ಸೂರಾಕ್ಕೆ ಹೋದೆ. ಮೋಕ್ಷಾ ಕನ್ನಡಿಯ ಮುಂದೆ ನಿಂತು ಅಜ್ಜನ ಕೊನೆಯ ಮಾತನ್ನು ಅಭ್ಯಾಸ ಮಾಡುತ್ತಿದ್ದಳು. ಚಹಾ ಕುಡಿದು ಬಂದೆ.

25 ಜನವರಿ, ಶನಿವಾರ

ನಿನ್ನೆ ಹೇಳಿದೆ. ಪೂರಾ ಸುಳ್ಳನ್ನೇ ಹೇಳಿದೆ. ಈ ಸಲ ಹನ್ನೊಂದು ಜನರನ್ನು ದಾಟಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೋಕ್ಷಾ ಫೋಟೋ ಹಿಡಿದು, "ಹೆಣ್ಣಾದರೆ ಶರ್ಮಿಳಾ ಅಂತ ಹೆಸರಿಡ್ಲಿಕ್ಕೆ ಹೇಳು," ಎಂದಾಗ ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಂಡರು. ಊರಿನಲ್ಲಿ ಪೂವಕ್ಕ ಮೊಬೈಲಿನಲ್ಲಿ ನೋಡುತ್ತಿದ್ದರು.

ಆಮೇಲೆ ಸನ್ಮಾನ. ಶಾಲು, ಪೇಟ, ಹಾರ. ಹರಿವಾಣದಲ್ಲಿ ಹಣ್ಣು, ನಡುವೆ ತೆಂಗಿನಕಾಯಿ. ಸನ್ಮಾನವೆಂದರೆ ಕಾಯಿ ಇದ್ದೇ ಇರುತ್ತದೆ, ನನಗೆ ಮೊದಲೇ ಹೊಳೆಯಬೇಕಿತ್ತು. ಅಧ್ಯಕ್ಷರು ಹರಿವಾಣ ಕೊಡುವಾಗ ನಾನು ಕೈ ಹಿಂದೆಗೆದೆ, ಅದು ಓರೆಯಾಯಿತು. ಕಾಯಿ ಉರುಳಿ ಸ್ಟೇಜಿನ ಅಂಚಿಗೆ ಹೋಯಿತು. ಮೋಕ್ಷಾ ಓಡಿಹೋಗಿ ಬಗ್ಗಿದಳು.

ಕೂಗಲು ಬಾಯಿ ತೆರೆದೆ. ಸ್ವರ ಬರಲಿಲ್ಲ.

ಅವಳು ಹೆಕ್ಕಿ ತಂದು ನನ್ನ ಕೈಯಲ್ಲಿಟ್ಟಳು. "ತಗೊಳ್ಳಿ ಅಜ್ಜ." ಏನೂ ಆಗಲಿಲ್ಲ. ಒಂದು ಮಗು ಬಗ್ಗಿ ಒಂದು ಕಾಯಿ ಹೆಕ್ಕಿತು, ಏನೂ ಆಗಲಿಲ್ಲ. ಸಂಕಪ್ಪನಿಗೂ ಇಷ್ಟೇ ಆಗಬೇಕಿತ್ತು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಸ್ಟೇಜಿನ ಹಿಂದೆ, ಕುರ್ಚಿ ರಾಶಿ ಹಾಕಿದ ಜಾಗದಲ್ಲಿ, ಪೇಟ ಹಾಕಿಕೊಂಡೇ ಶರ್ಮಿಳಾಳಿಗೆ ಎಲ್ಲವನ್ನೂ ಹೇಳಿದೆ.

"ನೀವು ಹೇಳಿದ್ದಾ, ಹೆಕ್ಕು ಅಂತ?"

"ಹೌದು."

"ಅಪ್ಪ ಕಡೆಗೆ ಎಂತ ಹೇಳಿದ್ರು?"

"ಏನೂ ಇಲ್ಲಮ್ಮ. ಅಷ್ಟು ಹೊತ್ತು ಸಿಗಲಿಲ್ಲ."

ಅವಳು ನನ್ನ ಪೇಟವನ್ನೇ ನೋಡುತ್ತಾ ನಿಂತಳು. "ಹಾಗಾದ್ರೆ ನನ್ನ ಹೆಸರು?"

ನರ್ಸಿನ ವಿಷಯ ಹೇಳಿದೆ. ಅದೊಂದನ್ನಾದರೂ ಬಿಡಬೇಕಿತ್ತೇನೋ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಮೋಕ್ಷಾಳ ಕೈ ಹಿಡಿದು ಊಟಕ್ಕೂ ನಿಲ್ಲದೆ ಹೊರಟುಹೋದಳು. ಕಾಯಿ ನನ್ನ ಕೈಯಲ್ಲೇ ಇತ್ತು.

3 ಫೆಬ್ರವರಿ, ಸೋಮವಾರ

ಶುಕ್ರವಾರ ಊಟಕ್ಕೆ ಕರೆ ಬರಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಯಾರು ಹೇಳಿದರೋ, ಅವರಿಗೆ ಹೇಳುವಂಥ ನಿಜ ಇರಲಿಲ್ಲ ಎಂದು ಕಾಣುತ್ತದೆ.

ಕಾಯಿ ಕಿಟಕಿಯ ಮೇಲಿದೆ. ಇದನ್ನೇನು ಮಾಡಲಿ ಎಂದು ನಿಯಾಝ್ ಎರಡು ಸಲ ಕೇಳಿದ.

8 ಫೆಬ್ರವರಿ, ಶನಿವಾರ

ಪ್ರದರ್ಶನ ಮುಗಿಯಿತು. ಯಾವ ಚಿತ್ರ ಇಷ್ಟವಾಯಿತೆಂದು ಫಾಹಿಮಾ ಕೇಳಿದಳು. ಒಲೆಯ ಮುಂದೆ ಬೆನ್ನು ಹಾಕಿ ಕುಳಿತವನನ್ನು ತೋರಿಸಿದೆ. "ಅದು ತುಂಬಾ ಸ್ಯಾಡ್ ಅಲ್ವಾ ಅಂಕಲ್, ಮಾತಾಡ್ಲಿಕ್ಕೆ ಒಬ್ಬರೂ ಇಲ್ಲ," ಎಂದಳು. ಒಬ್ಬರೂ ಇಲ್ಲದ್ದರಿಂದ ಅವನು ಸುಳ್ಳು ಹೇಳಬೇಕಾಗಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

11 ಫೆಬ್ರವರಿ, ಮಂಗಳವಾರ

ಮೂವತ್ತೇಳು ವರ್ಷ. ಫೋನ್ ಮಾಡಬಾರದೆಂದಿದ್ದೆ, ಆಗಲಿಲ್ಲ. ಪೂವಕ್ಕನೇ ಎತ್ತಿದರು. ಶರ್ಮಿಳಾ ಎಲ್ಲ ಹೇಳಿದ್ದಾಳೆ.

"ಕಾಯಿ ದೊಡ್ಡದಿತ್ತಾ?" ಎಂದು ಕೇಳಿದರು.

"ದೊಡ್ಡದು ಅಕ್ಕ. ಒಳ್ಳೆ ಬಲಿತದ್ದು."

"ಹಾಗಾದ್ರೆ ನೀವು ಹೇಳದಿದ್ರೂ ಇವರು ಹೆಕ್ತಿದ್ರು. ಬಿದ್ದ ಕಾಯಿ ಬಿಟ್ಟು ಬರುವ ಜನ ಅಲ್ಲ ಇವರು."

ನಾನು ಅತ್ತುಬಿಟ್ಟೆ. ಅಳು ನಿಲ್ಲುವ ತನಕ ಅವರು ಕಾದರು. ಆಮೇಲೆ ಹೇಳಿದರು, "ರೊನಾಲ್ಡಣ್ಣ, ಆ ಒಂದು ಮಾತು ಹಿಡ್ಕೊಂಡು ನಾನು ಇಷ್ಟು ವರ್ಷ ಕೂತೆ. ಮಗಳನ್ನು ಕರಿಯುವಾಗೆಲ್ಲ ಇವರೇ ಕರ್ದ ಹಾಗೆ ಆಗ್ತಿತ್ತು. ಇನ್ನು ನಾನು ಎಂತ ಹಿಡ್ಕೊಳ್ಳಿ? ಇನ್ನು ಈ ದಿನ ನೀವು ಫೋನ್ ಮಾಡುದು ಬೇಡ." ಫೋನ್ ಇಟ್ಟರು.

ಸಿಟ್ಟಿನಲ್ಲಿ ಹೇಳಿದ್ದರೆ ಮುಂದಿನ ವರ್ಷ ಮತ್ತೆ ಮಾಡಬಹುದಿತ್ತು. ಸಿಟ್ಟಿನಲ್ಲಿ ಹೇಳಲಿಲ್ಲ.

ನಿಯಾಝ್ ಕೆಲಸಕ್ಕೆ ಹೋಗಿದ್ದ. ಕಾಯಿ ಒಡೆದೆ. ಒಳ್ಳೆ ಕಾಯಿ. ಒಣಮೆಣಸು ಹುರಿದು, ಹುಣಸೆಹುಳಿ ಹಾಕಿ ಚಟ್ನಿ ಅರೆದೆ, ಗಂಜಿ ಬೇಯಿಸಿದೆ. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಪೂರಾ ತಿಂದೆ.

ಸಂಕಪ್ಪ ಕೇಳಿದ್ದು ಇಷ್ಟೇ.